ಮನೆ ಹೋಯಿತು, ಸಾಲ ಉಳಿಯಿತು

ಬದ್ಲಾಪುರದಿಂದ ಬೆಳಿಗ್ಗೆ ಹೊರಡುವ ಲೋಕಲ್‌ನಲ್ಲಿ ಫೋನ್ ಎತ್ತುವುದೇ ಒಂದು ಸರ್ಕಸ್ಸು. ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದು ಕೈ ಯಾರದೋ ಬ್ಯಾಗಿನ ಕೆಳಗೆ ಸಿಕ್ಕಿಕೊಂಡಿರುತ್ತದೆ. ಆದರೂ 2024ರ ಫೆಬ್ರುವರಿಯಲ್ಲಿ ನಾನು ದಿನಾ ಎತ್ತುತ್ತಿದ್ದೆ. ನಾನು ಎತ್ತದಿದ್ದರೆ ಅವನು ನನ್ನ ಹೆಂಡತಿಗೆ ಮಾಡುತ್ತಿದ್ದ. ಅವಳೂ ಎತ್ತದಿದ್ದರೆ ಪುಣೆಯಲ್ಲಿರುವ ಮಗನಿಗೆ.

"ಗುಡ್ ಮಾರ್ನಿಂಗ್ ಸರ್, ಪೇಮೆಂಟ್ ಕಾ ಕ್ಯಾ ಹುವಾ?"

ಗಂಟೆ ಏಳು ನಲವತ್ತು. ಸಾಲ ವಸೂಲಿಯವರು ಬೆಳಿಗ್ಗೆ ಎಂಟರ ಮೊದಲು, ಸಂಜೆ ಏಳರ ನಂತರ ಫೋನ್ ಮಾಡಕೂಡದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲೇ ಹೇಳಿದೆ. ಮನೆಯವರಿಗೆ, ಸ್ನೇಹಿತರಿಗೆ ಕಾಟ ಕೊಡಕೂಡದು ಎಂದೂ ಹೇಳಿದೆ. ನನಗೆ ಅದೆಲ್ಲ ಆಮೇಲೆ ತಿಳಿಯಿತು. ಆಗ ತಿಳಿದಿದ್ದರೂ ಬಾಯಿ ಬಿಡುತ್ತಿರಲಿಲ್ಲ ಅನ್ನಿ. ಕೊಡಬೇಕಾದವನ ಬಾಯಿಗೆ ಕಾನೂನು ಅಷ್ಟು ಸುಲಭವಾಗಿ ಬರುವುದಿಲ್ಲ.

ನಮ್ಮ ಮನೆ ಹರಾಜಾಗಿ ಆಗ ಹೆಚ್ಚುಕಡಿಮೆ ಒಂದೂವರೆ ವರ್ಷ. ಮನೆಯನ್ನೇ ತೆಗೆದುಕೊಂಡು ಹೋದ ಮೇಲೆ ಇನ್ಯಾತರ ಪೇಮೆಂಟು ಅಂತ ನಿಮಗೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಇಪ್ಪತ್ತೆಂಟು ವರ್ಷ ಒಂದು ಕಂಪನಿಯ ಲೆಕ್ಕ ಬರೆದವನು ನಾನು! ಡೆಬಿಟ್ಟು ಕ್ರೆಡಿಟ್ಟು ನಿದ್ದೆಯಲ್ಲೂ ಹೇಳಬಲ್ಲೆ. ಆದರೂ ನನ್ನ ಸ್ವಂತ ಲೆಕ್ಕದಲ್ಲಿ ಮನೆ ಹೋದರೆ ಸಾಲವೂ ಹೋಯಿತು ಅಂತ ಕಣ್ಣು ಮುಚ್ಚಿ ಕೂತಿದ್ದೆ.

ಮೊದಲಿನಿಂದ ಹೇಳುತ್ತೇನೆ. 1989ರಲ್ಲಿ ಗದಗಿನಿಂದ ಮೀಟರ್‌ಗೇಜ್ ಗಾಡಿ ಹತ್ತಿ, ಮೀರಜ್‌ನಲ್ಲಿ ಗಾಡಿ ಬದಲಿಸಿ ಮುಂಬೈಗೆ ಬಂದೆ. ಡೊಂಬಿವಲಿ ಎಂಐಡಿಸಿಯಲ್ಲಿ ಬಣ್ಣದ ರಾಸಾಯನಿಕ ಮಾಡುವ ಒಂದು ಕಂಪನಿಯಲ್ಲಿ ಲೆಕ್ಕದ ಕೆಲಸ. ಮದುವೆಯಾಯಿತು, ಮಗ ಹುಟ್ಟಿದ. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕಳೆದೆವು. ಎಷ್ಟು ಸಲ ಸಾಮಾನು ಕಟ್ಟಿದೆವೋ, ನನ್ನ ಹೆಂಡತಿ ಕೆಲವು ಡಬ್ಬಿಗಳ ಮೇಲೆ ಅಂಟಿಸಿದ ಚೀಟಿಯನ್ನು ಕೀಳುವುದನ್ನೇ ಬಿಟ್ಟಿದ್ದಳು. ಹೇಗೂ ಮತ್ತೆ ಬೇಕಾಗುತ್ತದಲ್ಲ. 2013ರಲ್ಲಿ ಡೊಂಬಿವಲಿ ಪೂರ್ವದಲ್ಲಿ ಒಂದು ಒನ್ ಬಿಎಚ್‌ಕೆ ತೆಗೆದುಕೊಂಡೆವು. 33 ಲಕ್ಷ. ಅದರಲ್ಲಿ 26 ಲಕ್ಷ ಬ್ಯಾಂಕಿನದು, ಹದಿನೈದು ವರ್ಷದ ಸಾಲ. ಅವ್ವ ಊರಿಂದ ಬಂದು ಹೊಸ್ತಿಲಿಗೆ ಕುಂಕುಮ ಹಚ್ಚಿದಳು. ಆ ಚೀಟಿಗಳನ್ನು ಹೆಂಡತಿ ಆವತ್ತು ಬಿಸಿನೀರು ಹಾಕಿ ಉಜ್ಜಿ ತೆಗೆದಳು.

2017ರಲ್ಲಿ ಕಂಪನಿ ಡೊಂಬಿವಲಿಯ ಘಟಕ ಮುಚ್ಚಿತು. ನನಗೆ ನಲವತ್ತೆಂಟು. ಆ ವಯಸ್ಸಿನ ಅಕೌಂಟೆಂಟನಿಗೆ ಕೆಲಸ ಕೊಡುವವರು ಯಾರು? ಹೆಂಡತಿಯ ತಮ್ಮ ಹೇಳಿದ: "ಭಾವಾ, ಇಲ್ಲಿ ನಮ್ಮ ಮಂದಿ ಇಷ್ಟ ಅದಾರ. ಒಂದು ಚಲೋ ರೊಟ್ಟಿ ಖಾನಾವಳಿ ಇಲ್ಲ." ಸುಳ್ಳಲ್ಲ. ಕಂಪನಿ ಕೊಟ್ಟ ಪರಿಹಾರದ ದುಡ್ಡು ಹಾಕಿದೆವು. ಸಾಲದೆ ಬಂತು. ಆಗ ಒಂದು ಫೈನಾನ್ಸ್ ಕಂಪನಿಯವರು, ನಿಮ್ಮ ಮನೆ ಮೇಲೆ ಬ್ಯಾಂಕಿನ ಸಾಲ ಇದ್ದರೇನಂತೆ, ಬ್ಯಾಂಕಿನಿಂದ ಎನ್‌ಒಸಿ ತನ್ನಿ, ನಾವು ಎರಡನೇ ಚಾರ್ಜ್ ಹಾಕಿಕೊಂಡು ಕೊಡುತ್ತೇವೆ ಅಂದರು. 9 ಲಕ್ಷ, ಶೇಕಡಾ 15.5 ಬಡ್ಡಿ, ಹತ್ತು ವರ್ಷ. ತಿಂಗಳಿಗೆ 14,800ರ ಹತ್ತಿರ ಕಂತು.

ಎರಡನೇ ಚಾರ್ಜ್ ಅಂದರೆ ಏನು ಅಂತ ನಾನು ಕೇಳಲಿಲ್ಲ. ಗೊತ್ತಿದೆ ಅಂದುಕೊಂಡೆ. ಒಂದೇ ಮನೆ, ಇಬ್ಬರು ಸಾಲಗಾರರು. ಮನೆ ಮಾರಿದರೆ ಮೊದಲನೆಯವನು ಹೊಟ್ಟೆ ತುಂಬ ಉಣ್ಣುತ್ತಾನೆ, ಉಳಿದದ್ದು ಎರಡನೆಯವನಿಗೆ. ಎರಡನೆಯವನ ತಾಟಿನಲ್ಲಿ ಏನೂ ಬೀಳದಿದ್ದರೆ ಅವನು ಎದ್ದು ಹೋಗುವುದಿಲ್ಲ, ನಮ್ಮ ಮುಖವನ್ನೇ ನೋಡುತ್ತ ಕೂರುತ್ತಾನೆ. ಅಷ್ಟೇ ವಿಷಯ.

ಆ ಸಾಲಕ್ಕೆ ನನ್ನ ಹೆಂಡತಿಯೂ ಸಹಿ ಮಾಡಬೇಕಿತ್ತು. ಅವಳು ಮಾಡುವುದು ಕನ್ನಡದಲ್ಲಿ. ಏಜೆಂಟ್ ಹುಡುಗ ನೋಡಿ, "ಆಂಟೀ, ಇಂಗ್ಲಿಷ್ ಮೇಂ ನಹೀ ಹೋಗಾ?" ಅಂದ. ಅವಳು ಆಗುವುದಿಲ್ಲ ಎಂದಳು. ಹಾಗಾದರೆ ಇನ್ನೊಂದು ಕಾಗದ ಬೇಕು ಅಂತ ಹೊರತೆಗೆದ. ಅದರಲ್ಲಿ ಏನಿತ್ತು ಅಂದರೆ, ಈ ಪತ್ರದ ಎಲ್ಲ ಷರತ್ತುಗಳನ್ನು ನನಗೆ ತಿಳಿಯುವ ಭಾಷೆಯಲ್ಲಿ ಓದಿ ವಿವರಿಸಲಾಗಿದೆ, ನಾನು ಅರ್ಥ ಮಾಡಿಕೊಂಡಿದ್ದೇನೆ ಅಂತ. ಅದಕ್ಕೂ ಕನ್ನಡದಲ್ಲೇ ಸಹಿ ಹಾಕಿದಳು. ಯಾರೂ ಏನೂ ವಿವರಿಸಲಿಲ್ಲ. ಜೊತೆಗೆ ನನ್ನಿಂದ ಆರು ಖಾಲಿ ಚೆಕ್ಕು, ಬರೀ ಸಹಿ ಹಾಕಿದ್ದು.

ಖಾನಾವಳಿ ಚೆನ್ನಾಗೇ ನಡೆಯಿತು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶನಿವಾರ ಮಾದಲಿ. ವಾರದ ಕೊನೆಗೆ ಕಲ್ಯಾಣ, ಠಾಣೆಯಿಂದೆಲ್ಲ ಬರುತ್ತಿದ್ದರು. ಎರಡೂವರೆ ವರ್ಷ ಒಂದೂ ಕಂತು ತಪ್ಪಿಸಲಿಲ್ಲ. ನಂತರ 2020ರ ಮಾರ್ಚಿ ಬಂತು... ಅದನ್ನು ನಾನು ನಿಮಗೆ ವರ್ಣಿಸಬೇಕಿಲ್ಲ. ಆರು ತಿಂಗಳು ಕಂತು ಕಟ್ಟಬೇಕಿಲ್ಲ ಅಂತ ರಿಸರ್ವ್ ಬ್ಯಾಂಕು ಸವಲತ್ತು ಕೊಟ್ಟಿತು, ಆದರೆ ಬಡ್ಡಿಯ ಮೀಟರು ಓಡುತ್ತಲೇ ಇತ್ತು. ಖಾನಾವಳಿಯ ಬಾಡಿಗೆಯೂ. ಡಿಸೆಂಬರ್ ತನಕ ಹೇಗೋ ಎಳೆದೆವು. 2021ರ ಜನವರಿಯಿಂದ ಎರಡೂ ಕಂತು ನಿಂತವು.

ಈಗ ಹೇಳುವುದು ಮುಖ್ಯ, ಯಾಕೆಂದರೆ ಇಡೀ ಕತೆಯಲ್ಲಿ ನನ್ನ ದೊಡ್ಡ ತಪ್ಪು ಇಲ್ಲಿದೆ. ಮೂರು ತಿಂಗಳು ಕಂತು ಬಾಕಿಯಾದರೆ ಖಾತೆ ಎನ್‌ಪಿಎ ಆಗುತ್ತದೆ. ಆಮೇಲೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯ ಪ್ರಕಾರ 60 ದಿನಗಳ ನೋಟಿಸು ಕೊಡುತ್ತದೆ. ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆ ವಶಪಡಿಸಿಕೊಂಡು ಮಾರುವ ಅಧಿಕಾರ ಆ ಕಾಯ್ದೆಯಲ್ಲಿದೆ. ನಮಗೆ ನೋಟಿಸು ಬಂದದ್ದು ಆಗಸ್ಟಿನಲ್ಲಿ. ಆ 60 ದಿನದಲ್ಲಿ, ಅಷ್ಟೇ ಏಕೆ, ಆಮೇಲೂ ಹಲವು ತಿಂಗಳು, ನಾನೇ ಬ್ಯಾಂಕಿಗೆ ಹೋಗಿ "ಸ್ವಾಮಿ, ನಾನೇ ಗಿರಾಕಿ ತರುತ್ತೇನೆ, ಮಾರಿ ನಿಮ್ಮ ಸಾಲ ತೀರಿಸುತ್ತೇನೆ" ಅನ್ನಬಹುದಿತ್ತು. ಪಕ್ಕದ ಬಿಲ್ಡಿಂಗಿನಲ್ಲಿ ಅಷ್ಟೇ ಅಳತೆಯ ಮನೆ 35 ಲಕ್ಷಕ್ಕೆ ಹೋಗಿತ್ತು. ಆ ಬೆಲೆ ಬಂದಿದ್ದರೆ ಎರಡೂ ಸಾಲ ತೀರಿ, ಕೈಯಲ್ಲಿ ಲಾರಿ ಬಾಡಿಗೆಗಾದರೂ ಉಳಿಯುತ್ತಿತ್ತು.

ಯಾಕೆ ಮಾರಲಿಲ್ಲ? ಊರಲ್ಲಿ ಅವ್ವನಿಗೆ ಏನು ಹೇಳಲಿ ಅಂತ. ಸಂಘದಲ್ಲಿ ಏನಂದಾರು ಅಂತ. ಮಾರಿದರೆ ನಾನು ಮಾರಿದಂತೆ, ಬ್ಯಾಂಕು ತೆಗೆದುಕೊಂಡರೆ ವಿಧಿ ತೆಗೆದುಕೊಂಡಂತೆ! ಇಂಥ ತರ್ಕ ಬರೇ ನನ್ನೊಬ್ಬನಿಗೇ ಹೊಳೆದದ್ದೋ ಅಂತ ಆಗ ಅನಿಸಿತ್ತು. ಈಚೆಗೆ ಮಾತಾಡಿಸಿದರೆ ಇನ್ನೂ ಇಬ್ಬರು ಮೂವರು ಸಿಕ್ಕಿದ್ದಾರೆ.

ಬ್ಯಾಂಕಿನವರು ಬಾಗಿಲಿಗೆ ಕಾಗದ ಅಂಟಿಸಿದರು. ಹರಾಜಿನ ಜಾಹೀರಾತು ಪತ್ರಿಕೆಯಲ್ಲಿ ಹಾಕಿಸಿದರು, ಒಂದು ಇಂಗ್ಲಿಷು, ಒಂದು ಮರಾಠಿ. ಮುಂಬೈಗೆ ಬಂದ 33 ವರ್ಷದಲ್ಲಿ ಪತ್ರಿಕೆಯಲ್ಲಿ ನನ್ನ ಹೆಸರು ಬಂದದ್ದು ಅದೊಂದೇ ಸಲ, ಅದರಲ್ಲೂ ಅಡ್ಡಹೆಸರು ತಪ್ಪು. ತಪ್ಪಾಗಿದ್ದಕ್ಕೆ ಸಮಾಧಾನವೇ ಆಯಿತು. ಮೇ ತಿಂಗಳಲ್ಲಿ ಬದ್ಲಾಪುರದ ಬಾಡಿಗೆ ಮನೆಗೆ ಬಂದೆವು. ಜುಲೈನಲ್ಲಿ ಮೊದಲ ಹರಾಜು, 31 ಲಕ್ಷಕ್ಕೆ ಕರೆದರು, ಯಾರೂ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಇಳಿಸಿ ಕರೆದರು, 28 ಲಕ್ಷದ 10 ಸಾವಿರಕ್ಕೆ ಹೋಯಿತು. ಬ್ಯಾಂಕಿನ ಅಸಲು, ಬಡ್ಡಿ, ದಂಡ, ಮೌಲ್ಯಮಾಪಕನ ಫೀಸು, ಜಾಹೀರಾತಿನ ಖರ್ಚು, ಬೀಗ ಹಾಕಿದ ಮನೆ ಕಾದ ಗಾರ್ಡಿನ ಸಂಬಳ ಎಲ್ಲ ಸೇರಿ 24 ಲಕ್ಷ 90 ಸಾವಿರ. ಹೌದು, ನಮ್ಮ ಮನೆಯೊಳಗೆ ನಾವು ಹೋಗದಂತೆ ಕಾದವನ ಸಂಬಳವೂ ನಮ್ಮದೇ. ಉಳಿದ 3 ಲಕ್ಷ 20 ಸಾವಿರ ಎರಡನೆಯವನ ತಾಟಿಗೆ. ಅವನಿಗೆ ಬರಬೇಕಿದ್ದದ್ದು 11 ಲಕ್ಷ 30 ಸಾವಿರ.

ಉಳಿದದ್ದು 8 ಲಕ್ಷ 10 ಸಾವಿರ. ಮನೆ ಇಲ್ಲದ ಸಾಲ.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಣ್ಣನ ಮಗನಿಗೆ ಇದನ್ನು ಹೇಳಿದಾಗ, ಅವರಲ್ಲಿ ಇರುವ ಮನೆ ಕೊಳ್ಳಲೆಂದೇ ಮಾಡಿದ ಸಾಲವಾದರೆ, ಮನೆ ಹೋದ ಮೇಲೆ ಸಾಮಾನ್ಯವಾಗಿ ಆಳಿನ ಬೆನ್ನು ಹತ್ತುವಂತಿಲ್ಲ ಅಂದ. ಆದರೆ ಆಮೇಲೆ ಬೇರೆ ಖರ್ಚಿಗೆ ಮನೆ ಮೇಲೆ ಎತ್ತಿದ ಎರಡನೇ ಸಾಲಕ್ಕೆ ಆ ರಕ್ಷಣೆ ಸಿಗುವುದು ಕಷ್ಟವಂತೆ, ಅಲ್ಲೂ ಏಜೆಂಟರು ಫೋನ್ ಮಾಡುತ್ತಾರಂತೆ. ನಮ್ಮಲ್ಲಿ ಮೊದಲನೆಯದು ಎರಡನೆಯದು ಅಂತ ಭೇದವೇ ಇಲ್ಲ. ಮನೆ ಮಾರಿದ ಮೇಲೂ ಬಾಕಿ ಉಳಿದರೆ ಅದು ನಮ್ಮ ತಲೆ ಮೇಲೇ.

ಒಂದು ವರ್ಷ ಯಾರೂ ಮಾತಾಡಿಸಲಿಲ್ಲ. ಮರೆತರು ಅಂದುಕೊಂಡೆ. ಮರೆತಿರಲಿಲ್ಲ, ಮಾರಿದ್ದರು! ಇಂಥ ಕೆಟ್ಟ ಸಾಲಗಳನ್ನು ಗಂಟು ಕಟ್ಟಿ ಅಸೆಟ್ ರೀಕನ್‌ಸ್ಟ್ರಕ್ಷನ್ ಕಂಪನಿ ಅನ್ನುವವರಿಗೆ ಮಾರುತ್ತಾರೆ. ಮುಖಬೆಲೆಗಿಂತ ಕಡಿಮೆಗೆ ಕೊಳ್ಳುತ್ತಾರೆ, ಎಷ್ಟಕ್ಕೆ ಅಂತ ನಮಗೆ ಹೇಳುವುದಿಲ್ಲ. ಅವರು ವಸೂಲಿ ಏಜೆನ್ಸಿಗೆ ಪಟ್ಟಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 10 ಲಕ್ಷ 4 ಸಾವಿರ ಅಂತ ಇತ್ತು.

ಮೊದಲ ತಿಂಗಳು ಬರೀ ಬೆದರಿಕೆ. ಪೊಲೀಸ್ ಬರ್ತಾರೆ, ಜೈಲು, ಹೀಗೆ. ಸಾಲ ಕಟ್ಟಲಾಗದೆ ಇರುವುದೇ ಒಂದು ಅಪರಾಧವಲ್ಲ, ಅದು ಸಿವಿಲ್ ವ್ಯವಹಾರ. ಆದರೆ ಕೊಟ್ಟಿರುವ ಚೆಕ್ಕು ಬೌನ್ಸ್ ಆದರೆ ಬೇರೆ ಕತೆ, ಮತ್ತು ನನ್ನ ಆರು ಚೆಕ್ಕು ಅವರಲ್ಲಿದ್ದವು. ಅದನ್ನು ನೆನೆದರೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ದಿನ ಅವನು ನನ್ನ ಗೆಳೆಯರೊಬ್ಬರಿಗೆ ಫೋನ್ ಮಾಡಿದ. 2017ರ ಅರ್ಜಿಯಲ್ಲಿ ಪರಿಚಯಸ್ಥರು ಅಂತ ಅವರ ಹೆಸರು ಬರೆದಿದ್ದೆ. ಅವರು ನಮ್ಮ ಕಡೆಯ ಕನ್ನಡ ಸಂಘದ ಕಾರ್ಯದರ್ಶಿ, ನಾನು ಖಜಾಂಚಿ. ಹದಿಮೂರು ವರ್ಷದಿಂದ ಸಂಘದ ಲೆಕ್ಕ ನನ್ನ ಕೈಯಲ್ಲಿತ್ತು. ರಾಜ್ಯೋತ್ಸವದ ಚಂದಾ, ಹಾಲಿನ ಬಾಡಿಗೆ, ನಾಟಕದವರ ಊಟದ ಬಿಲ್ಲು. ಅವರು ನನಗೆ ಫೋನ್ ಮಾಡಿ ಬರೀ ಇಷ್ಟು ಕೇಳಿದರು: "ಯಾರೋ ಫೋನ್ ಮಾಡಿದ್ರು. ಎಲ್ಲ ಸರಿ ಅದ ಅಲ್ರಿ?" ಸರಿ ಇದೆ ಎಂದೆ. ಆ ವಾರವೇ ಲೆಕ್ಕದ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ಕು, ಸೀಲು ಎಲ್ಲ ಒಂದು ಚೀಲದಲ್ಲಿ ಹಾಕಿ, ಮೈ ಹುಷಾರಿಲ್ಲ ಅಂತ ಚೀಟಿ ಬರೆದು, ಅವರ ಬಿಲ್ಡಿಂಗಿನ ವಾಚ್‌ಮನ್ ಕೈಗೆ ಕೊಟ್ಟು ಬಂದೆ. ಮೇಲೆ ಹತ್ತಿ ಹೋಗಲಿಲ್ಲ. ಮನೆ ಬಿಟ್ಟ ದಿನಕ್ಕಿಂತ ಆ ದಿನ ಕೆಟ್ಟದಾಗಿತ್ತು.

ಈಗ ಫೆಬ್ರುವರಿಯ ಆ ಫೋನಿಗೆ ಬರುತ್ತೇನೆ. ಡೊಂಬಿವಲಿ ದಾಟಿತ್ತು. ಅವನು ಹಿಂದಿಯಲ್ಲಿ ಶುರು ಮಾಡಿದ್ದ. ನನಗೆ ಬಾಗಿಲ ಹತ್ತಿರದವನೊಬ್ಬ ಕಾಲು ತುಳಿದ. ಬಾಯಿಂದ "ಅಯ್ಯೋ, ನೋಡಿ ಕಾಲಿಡೋ ಮಾರಾಯಾ" ಅಂತ ಬಂತು. ಆ ಕಡೆ ಒಂದು ಕ್ಷಣ ಮೌನ.

"ಕಾಕಾ, ನೀವು ಕನ್ನಡದವರೇನ್ರಿ?"

ಅಕ್ಕಲಕೋಟದ ಕಡೆಯ ಹುಡುಗ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಆದರೆ ಮನೆಮಾತು ಕನ್ನಡ, ಓದಿದ್ದೂ ಕನ್ನಡ ಶಾಲೆಯಲ್ಲಿ ಅಂದ. ನನಗೆ ಸಂತೋಷ ಆಗಬೇಕಿತ್ತಲ್ಲವೇ? ಮುಂಬೈಯಲ್ಲಿ ಯಾರಾದರೂ ಕನ್ನಡ ಅಂದರೆ ಮೂವತ್ತು ವರ್ಷದಿಂದ ಹಿಗ್ಗುತ್ತ ಬಂದವನು ನಾನು. ಆವತ್ತು ಮೈಯೆಲ್ಲ ಬೆವರಿತು. ಹಿಂದಿಯಲ್ಲಿ ಅನ್ನಿಸಿಕೊಂಡಿದ್ದು ಎಮ್ಮೆ ಮೇಲೆ ಮಳೆ ಸುರಿದಂತೆ ಹರಿದು ಹೋಗುತ್ತಿತ್ತು. "ಯಾಕ್ರಿ ಕಾಕಾ, ಹಿಂಗ್ಯಾಕ ಮಾಡ್ಕೊಂಡ್ರಿ?" ಅಂತ ಅವನು ಕೇಳಿದ್ದು ನಮ್ಮ ಓಣಿಯ ಕಟ್ಟೆ ಮೇಲೆ ಕೂತವರೇ ಕೇಳಿದಂತೆ ಇತ್ತು.

ಆವತ್ತಿನಿಂದ ಅವನ ಧಾಟಿ ಬದಲಾಯಿತು. ಎಂಟರ ಮೊದಲು ಫೋನ್ ಬರಲಿಲ್ಲ. ಒಂದು ಸಂಜೆ ಹೆಂಡತಿಗೆ ಮಾಡಿ ಅರ್ಧ ಗಂಟೆ ಮಾತಾಡಿದ. ಅಸಲು ಎಷ್ಟಿತ್ತು, ಬಡ್ಡಿ ಹೇಗೆ ಬೆಳೆಯಿತು, ಮೊದಲ ಬ್ಯಾಂಕು ಎಷ್ಟು ತೆಗೆದುಕೊಂಡಿತು, ಸಾಲ ಯಾರಿಂದ ಯಾರ ಕೈಗೆ ಹೋಯಿತು, ಅವಳ ಸಹಿ ಇರುವುದರಿಂದ ಅವಳ ಹೆಸರೂ ಹೇಗೆ ಸಿಕ್ಕಿಕೊಂಡಿದೆ, ಎಲ್ಲ ಬಿಡಿಸಿ ಹೇಳಿದ. ನಾನು ಮನೆಗೆ ಬಂದಾಗ ಅವಳು ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ಲಿನಲ್ಲಿ ಲೆಕ್ಕ ಬರೆದಿಟ್ಟುಕೊಂಡಿದ್ದಳು.

"ಇಷ್ಟ ವರ್ಷ ನೀವು ನನಗ ಇದನ್ನ ಹೇಳೇ ಇಲ್ಲಲ್ರಿ" ಅಂದಳು.

ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ ಅಂತ 2017ರಲ್ಲಿ ಸಹಿ ಮಾಡಿದ್ದಳು. ವಿವರಣೆ ಬಂದದ್ದು 2024ರಲ್ಲಿ, ವಸೂಲಿಯವನಿಂದ. ಸಾಲ ಕೊಟ್ಟವರನ್ನು ಬಯ್ಯಬಹುದು, ಬೈದೆ ಕೂಡ. ಆದರೆ ಮನೆಯಲ್ಲಿ ಅವಳ ಪಕ್ಕದಲ್ಲೇ ಮಲಗುತ್ತಿದ್ದವನು, ಅವಳ ಭಾಷೆಯನ್ನೇ ಆಡುವವನು, ನಾನೂ ವಿವರಿಸಿರಲಿಲ್ಲ.

ತಿಂಗಳ ಕೊನೆಗೆ ಅವನ ಫೋನು. ದನಿ ಸಣ್ಣದು ಮಾಡಿಕೊಂಡಿದ್ದ. "ಕಾಕಾ, ನಿಮ್ಮದು ಮೂರು ಲಕ್ಷಕ್ಕ ಮುಗಸ್ತೀನ್ರಿ. ಮ್ಯಾನೇಜರ್‌ಗೆ ಹೇಳೇನಿ. ಇವತ್ತ ಸಂಜಿ ಒಳಗ 60 ಸಾವಿರ ಟೋಕನ್ ಹಾಕ್ರಿ, ನನ್ನ ನಂಬರಿಗೆ ಯುಪಿಐ ಮಾಡಿಬಿಡ್ರಿ. ಲೆಟರ್ ಆಮ್ಯಾಲ ಬರ್ತೈತಿ."

ನಾನು ಹೂಂ ಅಂದೆ. ನಿಜ ಹೇಳುತ್ತೇನೆ, ಒಂದು ಕ್ಷಣವೂ ಯೋಚಿಸಲಿಲ್ಲ. ಮಗನಿಗೆ ಫೋನ್ ಮಾಡಿ 60 ಸಾವಿರ ತರಿಸಿಕೊಂಡೆ. ಮೂರು ಲಕ್ಷ! ಹತ್ತು ಲಕ್ಷ ಮೂರಾಗುತ್ತಿದೆ. ನಮ್ಮ ಹುಡುಗ, ನಮಗಾಗಿ ಮಾಡುತ್ತಿದ್ದಾನೆ. ಮೊಬೈಲಿನಲ್ಲಿ ನಂಬರ್ ಒತ್ತುತ್ತಿರುವಾಗ ಹೆಂಡತಿ ಒಲೆಯ ಮುಂದಿನಿಂದಲೇ ಕೇಳಿದಳು, ಯಾರಿಗೆ ಅಂತ. ಹೇಳಿದೆ.

"ಕಾಗದ ಬಂತೇನ್ರಿ?"

"ಆಮೇಲೆ ಬರುತ್ತದಂತೆ. ನಮ್ಮ ಕಡೆಯ ಹುಡುಗ ಅಲ್ಲೇನು..."

"ಕನ್ನಡ ಮಾತಾಡಿದ್ರ ಅದು ರಸೀದಿ ಆಗತೈತೇನ್ರಿ?"

ಇಪ್ಪತ್ತೆಂಟು ವರ್ಷ ವೋಚರ್ ಇಲ್ಲದೆ ಒಂದು ರೂಪಾಯಿ ದಾಟಿಸದವನಿಗೆ ಈ ಮಾತು! ಮೊಬೈಲು ಕೆಳಗಿಟ್ಟೆ.

ಮರುದಿನ ಅವನಿಗೆ ಲೆಟರ್ ಮೊದಲು ಬೇಕು ಅಂದಾಗ ಸಿಟ್ಟಾದ. "ನಂಬಿಕಿ ಇಲ್ಲೇನ್ರಿ ಕಾಕಾ?" ಅಂದ. ಆ ಪ್ರಶ್ನೆಗೆ ಉತ್ತರ ಹೇಳುವುದು ಪೊಲೀಸರಿಗೆ ಉತ್ತರ ಹೇಳುವುದಕ್ಕಿಂತ ಕಷ್ಟವಾಯಿತು. ಅವನು ಮೋಸ ಮಾಡಲು ಹೊರಟಿದ್ದನೋ, ತಿಂಗಳ ಟಾರ್ಗೆಟ್ ಮುಟ್ಟಲು ಒದ್ದಾಡುತ್ತಿದ್ದನೋ, ನಿಜವಾಗಿಯೂ ನಮಗೆ ಒಳ್ಳೆಯದು ಬಯಸಿದ್ದನೋ, ನನಗೆ ಇವತ್ತಿಗೂ ತೀರ್ಮಾನ ಮಾಡಲು ಆಗಿಲ್ಲ. ಮೂರೂ ಸ್ವಲ್ಪ ಸ್ವಲ್ಪ ಇದ್ದಿರಬಹುದು.

ಕಲ್ಯಾಣ ಕೋರ್ಟಿನ ಹತ್ತಿರ ಕೂರುವ ಒಬ್ಬ ವಕೀಲರನ್ನು ಕಂಡೆ. ಮರಾಠಿಯವರು, 1,500 ರೂಪಾಯಿ ತೆಗೆದುಕೊಂಡು ಒಂದು ಗಂಟೆ ಕೂತು ಹೇಳಿದರು. ಮನೆ ಮಾರಿಹೋದ ಮೇಲೆ ಅವರ ಕೈಯಲ್ಲಿ ಅಡಮಾನ ಇಲ್ಲ. ಬಾಕಿ 20 ಲಕ್ಷಕ್ಕಿಂತ ಕಡಿಮೆಯಾದ್ದರಿಂದ ಸಾಲ ವಸೂಲಿ ನ್ಯಾಯಮಂಡಳಿಗೂ ಹೋಗುವಂತಿಲ್ಲ, ಸಿವಿಲ್ ಕೋರ್ಟಿಗೆ ಹೋಗಬೇಕು. ಅದಕ್ಕೂ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಆದರೆ ಆ ಅವಧಿಯೊಳಗೆ ನೀವು ಸಾಲ ಒಪ್ಪಿ ಸಹಿ ಮಾಡಿದರೆ, ಅಥವಾ ಬರವಣಿಗೆಯ ದಾಖಲೆಯೊಂದಿಗೆ ಒಂದಿಷ್ಟು ಕಟ್ಟಿದರೆ, ಎಣಿಕೆ ಮತ್ತೆ ಹೊಸದಾಗಿ ಶುರು. ಅದಕ್ಕೇ ಟೋಕನ್ ಅಂತ ಯಾರು ಕೇಳಿದರೂ ಸುಮ್ಮನೆ ಕೊಡಬೇಡಿ, ಪೂರ್ತಿ ಮುಗಿಯುವ ಪತ್ರ ಕೈಗೆ ಬಂದ ಮೇಲೆ ಕೊಡಿ. ಬೇಕಾದರೆ ಕಾದು ನೋಡಬಹುದು, ಅವರು ಕೋರ್ಟಿಗೆ ಹೋಗದೆಯೂ ಇರಬಹುದು ಅಂತಲೂ ಸೂಚಿಸಿದರು.

ಕಾಯುವ ಮಾತು ನನಗೆ ಹಿಡಿಸಲಿಲ್ಲ. ದುಡ್ಡು ತೆಗೆದುಕೊಂಡಿದ್ದೆ, ಖಾನಾವಳಿಯ ಒಲೆ, ಪಾತ್ರೆ, ಫ್ರಿಜ್ಜು ಎಲ್ಲ ಅದರಲ್ಲೇ ಬಂದದ್ದು. ದೊಡ್ಡ ಮಾತಲ್ಲ ಇದು, ಮುಗಿಸಿ ಮಲಗಬೇಕಿತ್ತು ಅಷ್ಟೇ.

ಹುಡುಗನನ್ನು ಬಿಟ್ಟು ನೇರವಾಗಿ ಸಾಲ ಕೊಂಡ ಕಂಪನಿಗೇ ಇಮೇಲ್ ಬರೆದೆ. ಮೊದಲು ಕೇಳಿದ್ದು: ಈ ಸಾಲ ನಿಮ್ಮ ಹೆಸರಿಗೆ ಬಂದಿದೆ ಅನ್ನುವುದಕ್ಕೆ ಪತ್ರ ಕೊಡಿ, ಪೂರ್ತಿ ಸ್ಟೇಟ್‌ಮೆಂಟ್ ಕೊಡಿ. ಹದಿನೇಳು ದಿನಕ್ಕೆ ಬಂತು. ಸ್ಟೇಟ್‌ಮೆಂಟ್ ಬಂದಾಗ ನನ್ನೊಳಗಿನ ಗುಮಾಸ್ತ ಎದ್ದು ಕೂತ. ಹರಾಜಿನಿಂದ ಬಂದ 3 ಲಕ್ಷ 20 ಸಾವಿರವನ್ನು ಐದು ತಿಂಗಳು ತಡವಾಗಿ ಜಮಾ ಮಾಡಿದ್ದರು, ಅಷ್ಟು ದಿನದ ಬಡ್ಡಿ ನಮ್ಮ ಮೇಲೆ. ಕೈಯಲ್ಲಿ ಲೆಕ್ಕ ಹಾಕಿ, ಗೆರೆ ಎಳೆದು, ಫೋಟೋ ತೆಗೆದು ಕಳಿಸಿದೆ. 20 ಸಾವಿರದಷ್ಟು ವ್ಯತ್ಯಾಸ. ಹತ್ತು ಲಕ್ಷದ ಮುಂದೆ ಅದು ಏನೂ ಅಲ್ಲ, ಆದರೆ ಅಲ್ಲಿಂದ ಆಚೆ ಅವರು ನನ್ನನ್ನು ಸರ್ ಅನ್ನಲು ಶುರು ಮಾಡಿದರು.

ಅವರು 7 ಲಕ್ಷ ಅಂದರು. ನಾನು 2 ಲಕ್ಷ ಎಂದೆ. ನನ್ನ ಪಾರ್ಟ್‌ಟೈಮ್ ಕೆಲಸದ ಸಂಬಳದ ಚೀಟಿ, ಬಾಡಿಗೆ ಕರಾರು, ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಕಳಿಸಿದೆ. ಬಡತನಕ್ಕೂ ವೋಚರ್ ಬೇಕು ನೋಡಿ. ನಾಲ್ಕೂವರೆಗೆ ಇಳಿದರು, ನಂತರ ಒಂದು ತಿಂಗಳು ಸುದ್ದಿಯಿಲ್ಲ. ನಾನೂ ಸುಮ್ಮನಿದ್ದೆ. ಸುಮ್ಮನಿರುವುದು ಎಷ್ಟು ಕಷ್ಟ ಅಂತ ಆ ಮೇ ತಿಂಗಳಲ್ಲಿ ಗೊತ್ತಾಯಿತು. ಕೊನೆಗೆ 3 ಲಕ್ಷ 10 ಸಾವಿರ. ಪತ್ರ ಬಂದ ಏಳು ದಿನದಲ್ಲಿ ಒಂದು ಲಕ್ಷ, ಉಳಿದದ್ದು 60 ದಿನದಲ್ಲಿ. ಹುಡುಗ ಹೇಳಿದ್ದ ಮೂರು ಲಕ್ಷಕ್ಕಿಂತ ಹತ್ತು ಸಾವಿರ ಹೆಚ್ಚೇ!

ಪತ್ರವನ್ನು ಮೂರು ಸಲ ತಿದ್ದಿಸಿದೆ. ಮೊದಲ ಪ್ರತಿಯಲ್ಲಿ ಸಾಲದ ಖಾತೆ ಸಂಖ್ಯೆ ಇರಲಿಲ್ಲ. ಎರಡನೆಯದರಲ್ಲಿ ಹೆಂಡತಿಯ ಹೆಸರು ಬಿಟ್ಟಿದ್ದರು, ಅಂದರೆ ನನ್ನನ್ನು ಬಿಟ್ಟು ಅವಳನ್ನು ಹಿಡಿಯಬಹುದಿತ್ತು. ಮೂರನೆಯದರಲ್ಲಿ ಇದು ಪೂರ್ತಿ ಮತ್ತು ಅಂತಿಮ, ಇನ್ನು ಯಾವ ಬಾಕಿಯೂ ಇಲ್ಲ ಅನ್ನುವ ಮಾತೂ ಇತ್ತು, ಚೆಕ್ಕುಗಳನ್ನು ವಾಪಸ್ ಕೊಡುತ್ತೇವೆ ಅಂತಲೂ ಇತ್ತು. ದುಡ್ಡು ಕಂಪನಿಯ ಖಾತೆಗೇ ನೆಫ್ಟ್ ಮಾಡಿದೆ. ಒಂದು ಲಕ್ಷ ಮಗನದು. ಎರಡು ಲಕ್ಷ ಹತ್ತು ಸಾವಿರಕ್ಕೆ ಹೆಂಡತಿಯ ಪಾಟ್ಲಿ ಬಿಲ್ವಾರ ಹೋದವು, ಅವಳ ತವರಿನವು. ಖಾನಾವಳಿ ತೆಗೆಯುವಾಗ ಅವನ್ನು ಮುಟ್ಟಲು ನಾನು ಬಿಟ್ಟಿರಲಿಲ್ಲ, ಮನೆ ಇರುವಾಗ ಬಂಗಾರ ಯಾಕೆ ಅಂದಿದ್ದೆ.

ಆಗಸ್ಟಿನಲ್ಲಿ ಬಾಕಿ ಇಲ್ಲ ಎಂಬ ಪತ್ರ ಬಂತು. ಸಿಬಿಲ್‌ನಲ್ಲಿ 'ಕ್ಲೋಸ್ಡ್' ಅಂತ ಬರಲಿಲ್ಲ, 'ಸೆಟಲ್ಡ್' ಅಂತ ಬಂದಿದೆ. ಅಂದರೆ ಪೂರ್ತಿ ಕೊಡದೆ ರಾಜಿಯಾದವನು. ಇನ್ನು ಕೆಲವು ವರ್ಷ ಯಾರೂ ಸುಲಭಕ್ಕೆ ಸಾಲ ಕೊಡುವುದಿಲ್ಲ. ಕೊಡದಿದ್ದರೆ ಒಳ್ಳೆಯದೇ ಅಂತ ಹೆಂಡತಿ. ಅವಳ ಹೆಸರಿಗೂ ಹಾಗೇ ಬಂದಿದೆ ಅನ್ನುವುದು ಮಾತ್ರ ನನಗೆ ಚುಚ್ಚುತ್ತದೆ.

ಚೆಕ್ಕುಗಳು ಕೊರಿಯರ್‌ನಲ್ಲಿ ಬಂದವು. ಐದು. ಆರನೆಯದು ಸಿಗಲಿಲ್ಲ, ಹಳೆಯ ಕಂಪನಿಯ ಕಡತದಲ್ಲಿ ಇಲ್ಲವಂತೆ, ಹಾಗಂತ ಬರೆದು ಕೊಟ್ಟಿದ್ದಾರೆ. ಆ ನಂಬರಿಗೆ ಸ್ಟಾಪ್ ಪೇಮೆಂಟ್ ಹಾಕಿಸಿ, ಆಮೇಲೆ ಆ ಖಾತೆಯನ್ನೇ ಮುಚ್ಚಿದೆ. ಆದರೂ ನನ್ನ ಸಹಿಯಿರುವ ಒಂದು ಖಾಲಿ ಚೆಕ್ಕು ಮುಂಬೈಯಲ್ಲಿ ಎಲ್ಲೋ ಇದೆ.

ಹುಡುಗನ ನಂಬರಿಗೆ ವಿಷಯ ತಿಳಿಸೋಣ ಅಂತ ಮಾಡಿದೆ. ಬೇರೆ ಯಾರೋ ಎತ್ತಿ, ಅವನು ಕೆಲಸ ಬಿಟ್ಟು ಎರಡು ತಿಂಗಳಾಯಿತು ಅಂದರು, ಹಿಂದಿಯಲ್ಲಿ.

ಸಂಘದ ಕಾರ್ಯದರ್ಶಿಯವರ ಮನೆಗೆ ಅಕ್ಟೋಬರಿನಲ್ಲಿ ಹೋದೆ. ಈ ಸಲ ಮೇಲೆ ಹತ್ತಿ ಹೋದೆ. ಬಾಕಿ ಇಲ್ಲ ಎಂಬ ಪತ್ರದ ಜೆರಾಕ್ಸ್ ಜೇಬಿನಲ್ಲಿತ್ತು, ತೋರಿಸಬೇಕು ಅಂತ. ಅವರ ಮನೆಯಲ್ಲಿ ಉಪ್ಪಿಟ್ಟು ಕೊಟ್ಟರು. ಊರಿನ ಮಳೆ ಬೆಳೆ ಮಾತಾಡಿದೆವು. ಪತ್ರ ತೆಗೆಯಲು ಸಮಯವೇ ಸಿಗಲಿಲ್ಲ. ಹೊರಡುವಾಗ ಅವರು ಒಳಗಿನಿಂದ ಅದೇ ಚೀಲ ತಂದು ಕೈಗೆ ಕೊಟ್ಟರು. ನಾನು ಕಟ್ಟಿದ್ದ ಗಂಟು ಹಾಗೇ ಇರಲಿಲ್ಲ, ಬಿಚ್ಚಿ ಕಟ್ಟಿದ್ದರು.

"ಎಂಟು ತಿಂಗಳದ್ದು ಬರದಿಲ್ರಿ. ನನಗ ಬರೂದಿಲ್ಲ ಅದು. ರಾಜ್ಯೋತ್ಸವ ಮುಂದಿನ ತಿಂಗಳ ಐತಿ" ಅಂದರು.

ಲೋಕಲ್‌ನಲ್ಲಿ ಅಪರೂಪಕ್ಕೆ ಕಿಟಕಿ ಸಿಕ್ಕಿತ್ತು. ತೊಡೆಯ ಮೇಲೆ ಪುಸ್ತಕ ತೆರೆದೆ. ಮಾರ್ಚಿ ತಿಂಗಳ ಸಭೆಯ ಚಹಾದ ಬಿಲ್ಲು 340 ರೂಪಾಯಿ, ರಸೀದಿ ಇಲ್ಲ. ಬದ್ಲಾಪುರ ಬರುವ ತನಕ ಹುಡುಕಿದೆ, ಸಿಗಲಿಲ್ಲ. ಅವರಿಗೆ ಫೋನ್ ಮಾಡಿ ಕೇಳಬೇಕು.